ಪೋರೂರಿನ ಉಪಗ್ರಹ ದಿಕ್ಕು ತಪ್ಪಿದ ವರ್ಷ

ಕಳೆದ ವಾರ ಚೆನ್ನೈಯ ಪೋರೂರಿನ ಆಸ್ಪತ್ರೆಯೊಂದರಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಕೂತಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಮೊಣಕೈ ಒರೆಸಿದ್ದೇ ತಡ, ಆ ವಾಸನೆ ಮೂಗಿಗೆ ಅಡರಿ ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. "ಕೈಯೆ ಮೂಡುಂಗಮ್ಮಾ" ಎಂದು ಪಾಪ ಅವಳು ಮತ್ತೆ ಮತ್ತೆ ಹೇಳಬೇಕಾಯಿತು. ಮುಷ್ಟಿ ಬಿಗಿಹಿಡಿದೆ. ಮನಸ್ಸು ಮಾತ್ರ ನಮ್ಮ ವಿಶ್ವವಿದ್ಯಾಲಯದ ಆ ಸಣ್ಣ ಪ್ರಯೋಗಾಲಯಕ್ಕೆ ಹೋಗಿ ನಿಂತಿತ್ತು. ತಲೆಗೆ ಬಲೆಟೋಪಿ, ಕೈಗೆ ಗ್ಲೌಸು ಹಾಕಿಕೊಂಡು, ಇದೇ ಸ್ಪಿರಿಟ್ಟಿನಲ್ಲಿ ನಾವೊಂದು ಉಪಗ್ರಹದ ಮೈ ಒರೆಸುತ್ತಿದ್ದ ವರ್ಷ ಅದು. ಆ ಒಂದು ವರ್ಷದಲ್ಲಿ ನನ್ನ ಎದೆ ಎಷ್ಟು ಸಲ ಧಸಕ್ಕೆಂದಿತೆಂದರೆ, ಸಕ್ಕರೆ ಕಾಯಿಲೆ ಅಲ್ಲಿಂದಲೇ ಶುರುವಾಗಿರಬೇಕೆಂದು ನನ್ನ ಅನುಮಾನ. ಡಾಕ್ಟರು ಒಪ್ಪುವುದಿಲ್ಲ.

ನಾನು ಮೈಸೂರಿನವಳು. ಗಂಡನಿಗೆ ಪೋರೂರಿನ ಐಟಿ ಕಂಪನಿಯಲ್ಲಿ ಕೆಲಸವಾದಾಗ ಜೊತೆಗೆ ಬಂದು, ಇಲ್ಲಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಲು ಸೇರಿದೆ. ನನ್ನ ತಮಿಳು ಕೇಳಿ ಹುಡುಗರು ಮುಸಿಮುಸಿ ನಗುತ್ತಿದ್ದ ಕಾಲದಲ್ಲೇ, ನಮ್ಮ ವಿಭಾಗದ ಮುಖ್ಯಸ್ಥರಾದ ಇಳಂಗೋ ಸರ್ ನನ್ನನ್ನು ಕರೆದು, ನಾವೊಂದು ಉಪಗ್ರಹ ಕಟ್ಟುತ್ತಿದ್ದೇವೆ, ಅದರ ಕ್ಯಾಮೆರಾ ನಿಮ್ಮ ಜವಾಬ್ದಾರಿ ಎಂದರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಪೆಂಡಾಲು ಹಾಕಿಸುವ ಜವಾಬ್ದಾರಿ ಕೊಟ್ಟಷ್ಟು ಸಲೀಸಾಗಿ ಹೇಳಿದರು. ಮನೆಗೆ ಬಂದು ಗಂಡನಿಗೆ ಹೇಳಿದರೆ, ಅವರು ಚಪಾತಿ ಮುರಿಯುತ್ತಾ, "ನಮ್ಮ ಮನೆ ಮಿಕ್ಸಿ ರಿಪೇರಿ ಆಗಿ ಎಷ್ಟು ತಿಂಗಳಾಯ್ತು ಹೇಳು" ಎಂದರು.

ಉಪಗ್ರಹವೆಂದರೆ ಬಸ್ಸಿನಷ್ಟು ದೊಡ್ಡದೇನಲ್ಲ. ನಮ್ಮದು ಒಂದು ದೊಡ್ಡ ಬ್ರೆಡ್ಡಿನಷ್ಟಿತ್ತು, ಅಷ್ಟೇ. ದೊಡ್ಡ ಉಪಗ್ರಹವೊಂದರ ಜೊತೆ ರಾಕೆಟ್ಟಿನ ಮೂಲೆಯಲ್ಲಿ ಕೂತು ಹೋಗುವ ಪುಟ್ಟ ಪ್ರಯಾಣಿಕ ಅದು. ಅದು ಮಾಡಬೇಕಾದ ಕೆಲಸ ಮಾತ್ರ ಚೆನ್ನೈಯಲ್ಲಿ ಬದುಕುವವರಿಗೆಲ್ಲ ಬೇಕಾದದ್ದು. ಈ ಊರು ಒಂದು ವರ್ಷ ನೀರಿನಲ್ಲಿ ಮುಳುಗುತ್ತದೆ, ಇನ್ನೊಂದು ವರ್ಷ ಟ್ಯಾಂಕರ್ ಲಾರಿಗೆ ಬಿಂದಿಗೆ ಹಿಡಿದು ಕಾಯುತ್ತದೆ. ಸುತ್ತಲಿನ ಕೆರೆಗಳಲ್ಲಿ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಹಬ್ಬಿತು, ಬೇಸಿಗೆಯಲ್ಲಿ ಎಲ್ಲಿಯವರೆಗೆ ಹಿಂದೆ ಸರಿಯಿತು ಎಂದು ಮೇಲಿನಿಂದ ಚಿತ್ರ ತೆಗೆದು ಕಳಿಸಬೇಕು. ಕೆರೆಗಳಿಗೆಂದೇ ಒಂದು ಕಣ್ಣು.

ವಿನ್ಯಾಸದ ಆ ದಿನಗಳಲ್ಲಿ ನಾವೆಲ್ಲ ಒಂದೊಂದು ಗ್ರಾಮಿಗೂ ಜಗಳವಾಡಿದೆವು. ನನಗೆ ಲೆನ್ಸ್ ಇನ್ನಷ್ಟು ಉದ್ದ ಬೇಕು, ಬ್ಯಾಟರಿಯವರಿಗೆ ಬ್ಯಾಟರಿ ಇನ್ನಷ್ಟು ದಪ್ಪ ಬೇಕು, ಪೆಟ್ಟಿಗೆಯ ಗೋಡೆ ಮಾತ್ರ ಹಿಗ್ಗುವಂತಿಲ್ಲ. ಒಟ್ಟು ಕುಟುಂಬದವರು ಒಂದೇ ಆಟೋದಲ್ಲಿ ಹೊರಟ ಹಾಗೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಆಂಟೆನಾಗೆ ಬಡಗಿಗಳು ಅಳತೆಗೆ ಇಟ್ಟುಕೊಳ್ಳುವ ಸ್ಟೀಲ್ ಟೇಪನ್ನೇ ಕತ್ತರಿಸಿ ಹಾಕಿದೆವು. ಸುತ್ತಿಟ್ಟರೆ ಸುತ್ತಿಕೊಳ್ಳುತ್ತದೆ, ಬಿಟ್ಟರೆ ಚಟ್ಟನೆ ನೆಟ್ಟಗಾಗುತ್ತದೆ. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳು ಹೀಗೇ ಮಾಡುತ್ತವೆಂದು ತಿಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ನನ್ನ ಕ್ಯಾಮೆರಾದ ಹಣೆಬರಹವೆಲ್ಲ ಅನಘಾ ಎಂಬ ಹುಡುಗಿಯ ಕೈಯಲ್ಲಿತ್ತು. ಎಂ.ಟೆಕ್. ಓದುತ್ತಿದ್ದಳು. ಉಪಗ್ರಹಕ್ಕೆ ದಿಕ್ಕು ತೋರಿಸುವ ಭಾಗ ಪೂರ್ತಿ ಅವಳದು. ಕ್ಯಾಮೆರಾ ಎಷ್ಟೇ ಚೆನ್ನಾಗಿರಲಿ, ಅದರ ಮುಖ ಭೂಮಿಯ ಕಡೆ ಇಲ್ಲದಿದ್ದರೆ ಬಂದ ಭಾಗ್ಯವೇನು? ವಡಪಳನಿಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರ ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವಳು, ಅದಕ್ಕೆ ನಾನು ಇಂಗ್ಲಿಷಿನಲ್ಲಿ ಬೈಯುವೆನು. ನಮ್ಮಿಬ್ಬರಿಗೂ ಅದು ಒಗ್ಗಿಹೋಗಿತ್ತು.

ಅವಳ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಉಪಗ್ರಹದೊಳಗೆ ಒಂದು ಸೂಕ್ಷ್ಮ ದಿಕ್ಸೂಚಿ ಇರುತ್ತದೆ. ಭೂಮಿಯ ಕಾಂತಶಕ್ತಿ ಯಾವ ಕಡೆಗಿದೆ ಎಂದು ಅದು ನೋಡುತ್ತದೆ, ಅದನ್ನು ನಂಬಿ ಉಪಗ್ರಹ ತಿರುಗುತ್ತದೆ. ಆದರೆ ಉಪಗ್ರಹದ ಬ್ಯಾಟರಿ, ವೈರು, ಸ್ಟೀಲ್ ಟೇಪು ಇವಕ್ಕೂ ಅಷ್ಟಿಷ್ಟು ಕಾಂತಶಕ್ತಿ ಇದ್ದು, ದಿಕ್ಸೂಚಿಯ ದಾರಿ ತಪ್ಪಿಸುತ್ತವೆ. ತುಪ್ಪ ತೂಗುವ ಮೊದಲು ಪಾತ್ರೆಯ ತೂಕ ಕಳೆಯುತ್ತೇವಲ್ಲ, ಹಾಗೆ ಅದನ್ನು ಮೊದಲೇ ಅಳೆದು, ಇಷ್ಟು ನಿನ್ನದೇ, ಇದನ್ನು ಕಳೆದುಬಿಡು ಎಂದು ಉಪಗ್ರಹಕ್ಕೆ ಕಲಿಸಿ ಕಳಿಸಬೇಕು. ಈ ಅಳತೆಗೆಂದೇ ಕ್ಯಾಂಪಸ್ಸಿನ ಕಟ್ಟಕಡೆಯ ಮೂಲೆಯಲ್ಲಿ ಒಂದು ಮರದ ಶೆಡ್ಡು ಕಟ್ಟಿದ್ದೆವು. ಅದರಲ್ಲಿ ಒಂದು ಕಬ್ಬಿಣದ ಮೊಳೆಯೂ ಇರಲಿಲ್ಲ. ಒಳಗೆ ತಾಮ್ರದ ತಂತಿ ಸುತ್ತಿದ ಪಂಜರ, ಪಂಜರದ ನಡುವೆ ತಿರುಗುವ ಅಲ್ಯೂಮಿನಿಯಂ ತಟ್ಟೆ, ತಟ್ಟೆಯ ಮೇಲೆ ಉಪಗ್ರಹ. ಒಳಗೆ ಹೋಗುವ ಮುಂಚೆ ಮೊಬೈಲು, ವಾಚು, ಬೀಗದ ಕೈ, ಬೆಲ್ಟು ಎಲ್ಲ ಹೊರಗೆ. ಇಳಂಗೋ ಸರ್ ನನ್ನ ತಲೆಯ ಪಿನ್ನುಗಳನ್ನೂ ತೆಗೆಸುತ್ತಿದ್ದರು. ಆ ಮಳೆಗಾಲವೆಲ್ಲ ನಾನು ಕೂದಲು ಬಿಟ್ಟುಕೊಂಡು ದೆವ್ವ ಹಿಡಿದವಳಂತೆ ಆ ಶೆಡ್ಡಿನಲ್ಲಿ ಓಡಾಡಿದ್ದೇನೆ.

ಆಯುಧಪೂಜೆಯ ದಿನ ಅನಘಾಳ ತಂದೆ ಪದ್ಮನಾಭ ರಾಯರು ಶೀರಾ, ಕಡಲೆ ಉಸ್ಲಿಯ ಡಬ್ಬಗಳನ್ನು ಹೊರಿಸಿಕೊಂಡು ಲ್ಯಾಬಿಗೆ ಬಂದರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹಣೆಗೆ ಗಂಧ. ಅವರ ಹೋಟೆಲಿಗೆ ಬೆಳಗ್ಗೆ ಸಿನಿಮಾ ಸ್ಟುಡಿಯೋಗಳ ಲೈಟಿನವರು, ಮೇಕಪ್ಪಿನವರು ತಿಂಡಿಗೆ ಬರುತ್ತಾರೆ. ಅವರಿಗೆಲ್ಲ ಮಗಳ ಉಪಗ್ರಹದ ಕತೆ ಹೇಳದೆ ಇಡ್ಲಿ ಬಡಿಸುವುದಿಲ್ಲವೆಂದು ಅನಘಾ ಗೊಣಗುತ್ತಿದ್ದಳು. ನಾನು ಕನ್ನಡದವಳೆಂದು ತಿಳಿದು ಅವರ ಮುಖ ಅರಳಿತು.

"ಎಂತ ಮೇಡಂ, ಇಷ್ಟು ಸಣ್ಣ ಪೆಟ್ಟಿಗೆಯಾ? ನಮ್ಮ ಹೋಟೆಲಿನ ಸಾಂಬಾರು ಬಕೆಟ್ಟು ಇದಕ್ಕಿಂತ ದೊಡ್ಡದುಂಟು ಮಾರಾಯ್ರೆ!" ಎಂದು ಗಾಜಿನಾಚೆ ಇದ್ದ ಉಪಗ್ರಹಕ್ಕೆ ಕೈಮುಗಿದರು. ಆಮೇಲೆ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದರು. ಒಳಗೆ ಹೆಬ್ಬೆರಳಿನಷ್ಟು ಎತ್ತರದ ಮುರುಗನ ಮೂರ್ತಿ. ವಡಪಳನಿ ಗುಡಿಯ ಮುಂದಿನ ಅಂಗಡಿಯಲ್ಲಿ ಕೊಂಡು, ಗರ್ಭಗುಡಿಯಲ್ಲಿ ಇಟ್ಟು ಪೂಜೆ ಮಾಡಿಸಿ ತಂದಿದ್ದರು. "ನಮ್ಮ ಸುಬ್ರಹ್ಮಣ್ಯನೇ ಅಲ್ವಾ ಇವ. ಇವಳ ಮಿಷನ್ನಿನ ಹತ್ರ ಒಂದು ಕಡೆ ಇರಲಿ."

ಅನಘಾ ಅದನ್ನು ಕೈಗೆ ತೆಗೆದುಕೊಂಡು ಮೊದಲು ಕೇಳಿದ್ದೇ, "ಅಪ್ಪಾ, ಇದು ಪಿತ್ತಳೈ ತಾನೇ? ಇರುಂಬು ಇಲ್ಲೆಯೇ?" ಎಂದು. ಹಿತ್ತಾಳೆಯೇ ತಾನೆ, ಕಬ್ಬಿಣವಲ್ಲವಲ್ಲ ಎಂದು. ನಾನು ಪಕ್ಕದಲ್ಲೇ ನಿಂತಿದ್ದೆ.

"ಅಪ್ಪಟ ಹಿತ್ತಾಳೆ ಮಗಾ. ಅಂಗಡಿಯವ ನಮ್ಮ ಗುರ್ತದವ."

ಹಿತ್ತಾಳೆಯಿಂದ ದಿಕ್ಸೂಚಿಗೆ ತೊಂದರೆಯಿಲ್ಲ. ತೊಂದರೆ ಇದ್ದದ್ದು ಇಳಂಗೋ ಸರ್ ಕಡೆಯಿಂದ. ಅವರದು ತಲೆಮಾರುಗಳಿಂದ ದೇವರನ್ನು ನಂಬದ ಮನೆ. ಲ್ಯಾಬಿನಲ್ಲಿ ಹೂವು, ಕುಂಕುಮ, ಕರ್ಪೂರ ಕಂಡರೆ ಕಿಡಿಕಿಡಿಯಾಗುತ್ತಿದ್ದರು. ತಮಗೆ ದೇವರ ಮೇಲೆ ಸಿಟ್ಟಿಲ್ಲ, ವಿಭೂತಿಯ ಧೂಳಿನ ಮೇಲೆ ಸಿಟ್ಟು ಎನ್ನುತ್ತಿದ್ದರು. ಹಾಗಾಗಿ ಹುಡುಗರು ಹೂವಿಲ್ಲದ, ವಿಭೂತಿಯಿಲ್ಲದ ಬರೀ ಮುರುಗನನ್ನು ಸರ್ ಕಣ್ಣಿಗೆ ಬೀಳದ ಜಾಗದಲ್ಲಿ ಕೂರಿಸಿದರು. ಮರದ ಶೆಡ್ಡಿನ ಆ ತಿರುಗುವ ತಟ್ಟೆಯ ಅಡಿಗೆ ಡಬಲ್ ಟೇಪು ಹಾಕಿ ಅಂಟಿಸಿಬಿಟ್ಟರು. ಅಳತೆಗೆ ಹೋದವರೆಲ್ಲ ಬಗ್ಗಿ ಅವನನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಲಸ ಶುರು ಮಾಡುವುದು ರೂಢಿಯಾಯಿತು. ಒಮ್ಮೆ ನಾನೂ ಬಗ್ಗಿದೆ. ಸರ್ ಬಂದಾಗ ಮಾತ್ರ ಎಲ್ಲರೂ ಗಂಭೀರ ವಿಜ್ಞಾನಿಗಳು.

ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದಿತ್ತು. ಪೋರೂರು ಕೆರೆ ತುಂಬಿ, ಶೆಡ್ಡಿಗೆ ಹೋಗುವ ದಾರಿಯಲ್ಲಿ ಪಾದ ಮುಳುಗುವಷ್ಟು ನೀರು. ಅನಘಾ ತಟ್ಟೆ ತಿರುಗಿಸಿ ತಿರುಗಿಸಿ ಅಳೆದಳು. ಉಪಗ್ರಹದ ಸ್ವಂತ ಕಾಂತಶಕ್ತಿ ನಾವು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚೇ ಬಂತು. ಅವಳು ಹುಬ್ಬು ಗಂಟಿಕ್ಕಿ ಮತ್ತೆ ಅಳೆದಳು, ಬೇರೆಯವರ ಕೈಲಿ ಅಳೆಸಿದಳು. ಪ್ರತಿ ಸಲವೂ ಅದೇ ಉತ್ತರ. ಸ್ಟೀಲ್ ಟೇಪಿನದೇ ಕಿತಾಪತಿ ಎಂದು ಎಲ್ಲರೂ ಒಪ್ಪಿದೆವು. ಅಳತೆ ಹೇಳಿದ್ದೇ ಸತ್ಯ, ನಮ್ಮ ಊಹೆಯಲ್ಲ ಎಂದರು ಇಳಂಗೋ ಸರ್. ಆ ಸಂಖ್ಯೆಯನ್ನೇ ಉಪಗ್ರಹದ ತಲೆಗೆ ತುಂಬಿ, ಪೊಂಗಲ್ ಕಳೆದ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಉಡಾವಣೆಗೆ ಕಳಿಸಿಕೊಟ್ಟೆವು. ಶೆಡ್ಡು ಬಿಚ್ಚಿದಾಗ ಮುರುಗನನ್ನು ಅನಘಾ ಮನೆಗೆ ಒಯ್ದಳು. ಮಗಳ ಕೆಲಸ ಮುಗಿಸಿ ಬಂದ ದೇವರೆಂದು ರಾಯರು ಅವನನ್ನು ಹೋಟೆಲಿನ ಗಲ್ಲಾದ ಮೇಲೆ ಕೂರಿಸಿದರಂತೆ.

ಇಲ್ಲಿನವರು ಕತ್ತಿರಿ ಎನ್ನುವ ಮೇ ತಿಂಗಳ ಸುಡುಬಿಸಿಲಿನ ದಿನಗಳಲ್ಲಿ ರಾಕೆಟ್ಟು ಹಾರಿತು. ಕುಣಿದೆವು, ಅತ್ತೆವು, ಲಾಡು ಹಂಚಿದೆವು. ಉಪಗ್ರಹ ಮಾತಾಡಿತು. ಕಾಲೇಜಿನ ತಾರಸಿಯ ಆಂಟೆನಾಗೆ ಅದರ ದನಿ ಕಿರ್ರೆಂದು ಕೇಳಿದಾಗ ನನಗೆ ಹೆತ್ತ ಮಗು ಅತ್ತಂತೆಯೇ ಆಯಿತು, ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಆಮೇಲೆ ಮೊದಲ ಚಿತ್ರ ಬಂತು.

ಕಪ್ಪು. ಬರೀ ಕಪ್ಪು. ಲೆನ್ಸಿನ ಮುಚ್ಚಳ ತೆಗೆದಿತ್ತೇ ಎಂದು ಯಾರೋ ಕೇಳಿದರು. ಮುಚ್ಚಳವೇ ಇರಲಿಲ್ಲ ಎಂದೆ. ಎರಡನೆಯದೂ ಕಪ್ಪು. ಮುಂದಿನದರಲ್ಲಿ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆದ ಬಿಳಿ ಕಲೆ. ಆಗ ಅರ್ಥವಾಯಿತು. ಕ್ಯಾಮೆರಾ ಸರಿಯಿದೆ, ನೋಡುತ್ತಿರುವ ದಿಕ್ಕು ಸರಿಯಿಲ್ಲ. ಭೂಮಿಯ ಕೆರೆ ನೋಡಲು ಹೋದದ್ದು ಭೂಮಿಗೆ ಬೆನ್ನು ಹಾಕಿ ಆಕಾಶ ನೋಡುತ್ತಿದೆ. ಮೈ ಬಿಸಿಲಿಗೆ ಸರಿಯಾಗಿ ಒಡ್ಡದೆ ಬ್ಯಾಟರಿಯೂ ಸೊರಗುತ್ತಿದೆ.

ಆಡಳಿತ ಮಂಡಳಿಯವರು ಸಮಿತಿ ಮಾಡಿದರು. ಹೊರಗಿನಿಂದ ಬಂದ ಹಿರಿಯ ತಜ್ಞರೊಬ್ಬರು ಚಹಾ ಕುಡಿದು, ವಿದ್ಯಾರ್ಥಿನಿ ಪ್ರೋಗ್ರಾಮಿನಲ್ಲಿ ಎಲ್ಲೋ ಕೂಡಿಸುವ ಕಡೆ ಕಳೆದಿದ್ದಾಳೆ ಎಂದು ತೀರ್ಪು ಕೊಟ್ಟರು. ಕಾಗದ ಬಿಚ್ಚಿಯೂ ನೋಡಲಿಲ್ಲ! ಮೇಜಿನ ಸುತ್ತ ಕೂತವರೆಲ್ಲ ತಲೆಯಾಡಿಸಿದರು, ಏಕೆಂದರೆ ಒಬ್ಬಳ ತಲೆಗೆ ಕಟ್ಟಿದರೆ ಉಳಿದವರ ತಲೆ ಉಳಿಯುತ್ತದೆ. ಅನಘಾ ಎದ್ದು ನಿಂತಿದ್ದಳು. ಅಲ್ಲೇ ಸಂಶೋಧನೆಗೆ ಸೇರುವುದೆಂದು ಅವಳಿಗೆ ಮಾತಾಗಿತ್ತು. ಅದನ್ನು ಸದ್ಯಕ್ಕೆ ತಡೆಹಿಡಿಯೋಣ ಎಂದರು. ಇಳಂಗೋ ಸರ್ ಒಬ್ಬರೇ, ಅಂತಿಮ ವರದಿ ಬರೆಯುವುದು ನಾನು, ಕಾರಣ ಸಿಗುವವರೆಗೆ ಬರೆಯುವುದಿಲ್ಲ ಎಂದು ಪಟ್ಟು ಹಿಡಿದರು.

ಅವಳು ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಮತ್ತೆ ಮತ್ತೆ ಓದಿದಳು. ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ. ಸಿಗದೆ ಹೋದದ್ದರಿಂದ ತನ್ನ ತಲೆಯ ಮೇಲೇ ಅನುಮಾನ ಹುಟ್ಟಿತು. ಬರುಬರುತ್ತಾ ಕಾಲೇಜಿಗೆ ಬರುವುದನ್ನೇ ಬಿಟ್ಟಳು. ಫೋನೂ ಎತ್ತಲಿಲ್ಲ.

ಮತ್ತೆ ಮಳೆಯ ಕಾಲ ಹತ್ತಿರವಾಗಿತ್ತು. ಒಂದು ಬೆಳಗ್ಗೆ ತಡೆಯಲಾರದೆ ವಡಪಳನಿಗೆ ಹೋದೆ. ಹೋಟೆಲಿನಲ್ಲಿ ತಿಂಡಿಯ ಗದ್ದಲ ಇಳಿದಿತ್ತು. ಗಲ್ಲಾದಲ್ಲಿದ್ದ ರಾಯರು ನನ್ನನ್ನು ಕಂಡು ಎದ್ದರು. ಒಂದೇ ವರ್ಷದಲ್ಲಿ ಅವರ ಬೆನ್ನು ಬಾಗಿದಂತೆ ಕಂಡಿತು.

"ಬನ್ನಿ ಮೇಡಂ. ಅವಳು ಒಳಗೆ ಚಟ್ನಿಗೆ ತೆಂಗಿನಕಾಯಿ ತುರೀತಾ ಇದ್ದಾಳೆ. ಎಂ.ಟೆಕ್. ಓದಿದ ಹುಡುಗಿ. ನಾನು ಬೇಡ ಹೇಳಿದ್ರೆ ಕೇಳುದಿಲ್ಲ. ಸರಿಯಾಗಿ ಊಟ ಮಾಡುದಿಲ್ಲ. ನಂಗೆ ನಿಮ್ಮ ಸೈನ್ಸೆಲ್ಲ ಗೊತ್ತಿಲ್ಲ, ಒಂದು ಮಾತು ಹೇಳಿ. ಅವಳು ನಿಜವಾಗಿ ತಪ್ಪು ಮಾಡಿದ್ದಾ?"

"ಇಲ್ಲ ರಾಯರೇ" ಎಂದೆ. "ಆದರೆ ಏನಾಯ್ತು ಅಂತ ನಮಗೂ ಗೊತ್ತಾಗ್ತಿಲ್ಲ."

"ದಿನಾ ಇವನಿಗೆ ಹೇಳುದು ನಾನು. ಅವಳ ಮೇಲಿನ ಅಪವಾದ ಒಂದು ತೆಗಿ ಮಾರಾಯ ಅಂತ." ಹೀಗೆಂದು ಅವರು ಗಲ್ಲಾದ ಮೇಲಿದ್ದ ಮುರುಗನ ಕಡೆ ನೋಡಿದರು. ತಲೆಯ ಮೇಲೆ ಮಲ್ಲಿಗೆ, ಹಣೆಗೆ ವಿಭೂತಿ, ದಿನವೂ ನೀರಿನಲ್ಲಿ ತೊಳೆದು ತೊಳೆದು ಮೈ ಹೊಳೆಯುತ್ತಿತ್ತು. ನನಗೆ ಕಾಫಿ ಇಡಲು ಜಾಗ ಮಾಡುತ್ತಾ ಅವರು ಮೂರ್ತಿಯನ್ನು ಎತ್ತಿದರು.

ಮೂರ್ತಿಯ ಅಡಿಯಲ್ಲಿ ಗುಂಡುಸೂಜಿಗಳು ನೇತಾಡುತ್ತಿದ್ದವು.

ರಾಯರು ಆ ಹೊತ್ತಿನಲ್ಲೂ ಸ್ವಲ್ಪ ನಕ್ಕರು. "ಇವು ಇವನ ಭಕ್ತರು ಮೇಡಂ. ಎಲ್ಲಿ ಬಿದ್ರೂ ಇವನ ಕಾಲಡಿಗೇ ಬಂದು ಕೂರುದು."

ನಾನು ಬಗ್ಗಿ ಮೂರ್ತಿಯ ಅಡಿ ನೋಡಿದೆ. ಕಾರಿನಲ್ಲಿ ಕೂರಿಸುವ ದೇವರು ಅದು! ಡ್ಯಾಶ್‌ಬೋರ್ಡಿನ ಮೇಲೆ ಅಲುಗಾಡದೆ ನಿಲ್ಲಲೆಂದು ಅಡಿಯ ಪೊಳ್ಳಿನಲ್ಲಿ ಅಯಸ್ಕಾಂತದ ಬಿಲ್ಲೆ ಇಟ್ಟು, ಮೇಲೆ ಕೆಂಪು ಬಟ್ಟೆ ಅಂಟಿಸಿರುತ್ತಾರೆ. ನೀರು ತಾಗಿ ತಾಗಿ ಬಟ್ಟೆ ಉದುರಿಹೋಗಿತ್ತು, ಕಪ್ಪು ಬಿಲ್ಲೆ ಕಾಣುತ್ತಿತ್ತು. ತಲೆಯ ಪಿನ್ನನ್ನೂ ಹೊರಗಿಟ್ಟು ಒಳಗೆ ಹೋಗುತ್ತಿದ್ದ ಶೆಡ್ಡಿನಲ್ಲಿ, ಉಪಗ್ರಹದ ನೇರ ಅಡಿಯಲ್ಲಿ, ತಟ್ಟೆಯ ಜೊತೆ ತಾನೂ ತಿರುಗುತ್ತಾ ಇದು ಕೂತಿತ್ತು. ಪಾತ್ರೆಯ ತೂಕ ತೆಗೆಯುವಾಗ ಪಾತ್ರೆಯ ಜೊತೆ ಮುರುಗನನ್ನೂ ತೂಗಿದ್ದೆವು. ಅವನಿಲ್ಲದೆ ಮೇಲೆ ಹೋದ ಉಪಗ್ರಹ, ಇಲ್ಲದ ಅವನ ತೂಕವನ್ನು ಇವತ್ತಿಗೂ ಕಳೆಯುತ್ತಾ ದಿಕ್ಕೆಟ್ಟು ನಿಂತಿತ್ತು.

ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅನಘಾ. ಕೈಯಲ್ಲಿ ಅರ್ಧ ತುರಿದ ತೆಂಗಿನಕಾಯಿ. ಅವಳೂ ಸೂಜಿಗಳನ್ನು ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಬಂದು ನನ್ನ ರಟ್ಟೆ ಹಿಡಿದು ರಸ್ತೆಗೆ ಎಳೆದುಕೊಂಡು ಹೋದಳು. ಬಸ್ಸಿನ ಹಾರ್ನು, ಹೂವಿನವರ ಕೂಗಿನ ನಡುವೆ ನಿಂತಳು.

"ಮ್ಯಾಮ್, ಅಪ್ಪಾಕಿಟ್ಟೆ ಸೊಲ್ಲಾದೀಂಗ" ಎಂದಳು. ಅಪ್ಪನಿಗೆ ಹೇಳಬೇಡಿ.

"ಅಲ್ಲ ಕಣಮ್ಮ, ನಿನ್ನ ಮೇಲೆ ಇಷ್ಟು ದೊಡ್ಡ ಅಪವಾದ..."

"ಇರಲಿ ಮ್ಯಾಮ್." ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು. "ಪ್ರೋಗ್ರಾಮ್ ಮಿಸ್ಟೇಕ್ ಅಂತಲೇ ಇರಲಿ. ಅಪ್ಪ ನಂಗೋಸ್ಕರ ತಂದದ್ದು ಅದು. ಗೊತ್ತಾದ್ರೆ ಅವರು ತಡ್ಕೊಳ್ಳುದಿಲ್ಲ."

ಒಂದು ಕಡೆ ಹುಡುಗಿಯ ಬದುಕು, ಇನ್ನೊಂದು ಕಡೆ ತಂದೆಯ ಜೀವ. ಆಯ್ತು ಎಂದೆ. ಮೂರ್ತಿಯಂತೂ ಬೇಕೇ ಬೇಕಿತ್ತು. ಅದರ ಶಕ್ತಿ ಎಷ್ಟೆಂದು ಅಳೆದರೆ ಮಾತ್ರ ಲೆಕ್ಕ ತಿದ್ದಬಹುದು. ಲ್ಯಾಬಿನಲ್ಲಿ ಸ್ವಲ್ಪ ದಿನ ಇಟ್ಟುಕೊಳ್ಳುತ್ತೇವೆ ಎಂದು ರಾಯರನ್ನು ಕೇಳಿದೆ. ಅವರ ಕಣ್ಣು ತುಂಬಿತು. "ತಗೊಂಡು ಹೋಗಿ ಮೇಡಂ. ನೀವು ಸೈನ್ಸಿನವರು ಕೇಳ್ತಾ ಇದ್ದೀರಿ ಅಂದ್ರೆ ಅವನೇ ಕೇಳಿಸಿದ್ದು" ಎಂದು ಹೊಸ ಹೂವು ಮುಡಿಸಿ, ಬಾಳೆ ಎಲೆಯಲ್ಲಿ ಸುತ್ತಿಕೊಟ್ಟರು. ಅದನ್ನು ಹಿಡಿದುಕೊಂಡು ಆಟೋ ಹತ್ತುವಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಳಂಗೋ ಸರ್‌ಗೆ ಅನಘಾಳ ಎದುರಿಗೇ ಮೂರ್ತಿಯನ್ನೂ ಸೂಜಿಗಳನ್ನೂ ತೋರಿಸಿ, ಅದು ಅವಳ ತಂದೆ ತಂದದ್ದೆಂದು ಹೇಳಿದೆ. "ಎನ್ನಮ್ಮಾ ಇದು?" ಎಂದು ಕುರ್ಚಿಯಲ್ಲಿ ಕುಸಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜೀವಮಾನವೆಲ್ಲ ಅವನಿಂದ ದೂರ ಓಡಿದೆ, ಕೊನೆಗೆ ನನ್ನ ತಟ್ಟೆಯ ಅಡಿಯಲ್ಲೇ ಬಂದು ಕೂತಿದ್ದಾನಲ್ಲ ಎಂದರು. ನಾನೂ ನಕ್ಕೆ. ತಂದೆಗೆ ಈ ವಿಷಯ ತಿಳಿದಿಲ್ಲ, ತಿಳಿಯಬಾರದು ಎಂಬ ಮಾತನ್ನು ಅವರಿಗೆ ಹೇಳಬೇಕೆಂದು ಆ ನಗುವಿನಲ್ಲಿ ನನಗೂ ಹೊಳೆಯಲಿಲ್ಲ, ಅನಘಾಳಿಗೂ ಹೊಳೆಯಲಿಲ್ಲ.

ಶೆಡ್ಡನ್ನು ಮತ್ತೆ ಜೋಡಿಸಿದೆವು. ತಟ್ಟೆಯ ಅಡಿಯಲ್ಲಿ ಹಳೆಯ ಟೇಪಿನ ಅಂಟು ಇನ್ನೂ ಉಳಿದಿದ್ದರಿಂದ ಮುರುಗ ಕೂತಿದ್ದ ಜಾಗ ಹುಡುಕಬೇಕಾಗಲಿಲ್ಲ. ಅವನನ್ನು ಅಲ್ಲೇ ಕೂರಿಸಿ, ಉಪಗ್ರಹವಿದ್ದ ಜಾಗದಲ್ಲಿ ಅದರಂಥದೇ ಇನ್ನೊಂದು ದಿಕ್ಸೂಚಿ ಇಟ್ಟು ಅನಘಾ ತಟ್ಟೆ ತಿರುಗಿಸಿದಳು, ಅವನನ್ನು ತೆಗೆದು ಇನ್ನೊಮ್ಮೆ ತಿರುಗಿಸಿದಳು. ನಮ್ಮ ಲೆಕ್ಕಕ್ಕಿಂತ ಹೆಚ್ಚಾಗಿ ಬಂದಿದ್ದದ್ದೆಲ್ಲ ಅವನದೇ. ಹೊಸ ಸಂಖ್ಯೆ ಸಿದ್ಧವಾಯಿತು. ಉಪಗ್ರಹದ ದನಿ ಅಷ್ಟರಲ್ಲಿ ತೀರಾ ಕ್ಷೀಣಿಸಿತ್ತು. ಅದು ನಮ್ಮ ತಲೆಯ ಮೇಲೆ ಹಾದುಹೋಗುವ ಹೊತ್ತಿಗೆ ಅನಘಾಳೇ ಆಜ್ಞೆ ಕಳಿಸಿದಳು. ಕೇಳಿಸಿತೋ ಇಲ್ಲವೋ ತಿಳಿಯದು. ಮುಂದಿನ ಸಲ ಅದು ಬರುವವರೆಗೆ ಲ್ಯಾಬಿನಲ್ಲಿ ಯಾರೂ ಕೂರಲಿಲ್ಲ.

ಚಿತ್ರ ಸಾಲುಸಾಲಾಗಿ ಇಳಿಯಿತು. ಮೊದಲು ನೀಲಿ. ಆಮೇಲೆ ಮರಳಿನ ಬಿಳಿ ಗೆರೆ. ಆಮೇಲೆ ಬೂದು ಊರು, ಊರಿನ ನಡುನಡುವೆ ಕಪ್ಪು ಕಪ್ಪಾಗಿ ಕೆರೆಗಳು. ಅಂಚು ಮಸುಕಾಗಿತ್ತು, ಆದರೂ ಪೋರೂರು ಕೆರೆ ಇದೇ ಎಂದು ಎಲ್ಲರೂ ಏಕಕಾಲಕ್ಕೆ ಬೆರಳಿಟ್ಟು ಕಿರುಚಿದೆವು. ಅನಘಾ ಮಾತ್ರ ಕಿರುಚಲಿಲ್ಲ. ಮೇಜಿನ ಮೇಲೆ ಹಣೆ ಊರಿ ಅತ್ತುಬಿಟ್ಟಳು.

ಮರುದಿನ ಬೆಳಗ್ಗೆ ಇಳಂಗೋ ಸರ್ ಕೋಣೆಯಲ್ಲಿ ನಾವು ಮೂವರೂ ಸಮಿತಿಗೆ ಕಳಿಸುವ ವರದಿ ಬರೆಯಲು ಕೂತಿದ್ದೆವು. ಪ್ರೋಗ್ರಾಮ್ ತಪ್ಪು ಎಂದೇ ಬರೆಯಿರಿ ಎಂದು ಅನಘಾ ಕಾರಣ ಹೇಳದೆ ಹಟ ಹಿಡಿದಿದ್ದಳು. ಸುಳ್ಳು ಬರೆಯುವುದಿಲ್ಲ ಎಂದು ಸರ್ ಗದರುತ್ತಿದ್ದರು. ಆಗಲೇ ಬಾಗಿಲು ತಟ್ಟಿ ಪದ್ಮನಾಭ ರಾಯರು ಒಳಗೆ ಬಂದರು. ಚಿತ್ರ ಬಂದ ಸುದ್ದಿ ತಿಳಿದು ಮೈಸೂರುಪಾಕಿನ ಡಬ್ಬ ತಂದಿದ್ದರು, ಮುಖವೆಲ್ಲ ನಗು.

ಸರ್ ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. ಸಂತೋಷದ ಭರದಲ್ಲಿ, ಎಲ್ಲ ತಿಳಿದೇ ಇದೆಯೆಂದುಕೊಂಡು, ಜೋರಾಗಿ ನಗುತ್ತಾ ಹೇಳಿಬಿಟ್ಟರು. "ಉಂಗ ಮುರುಗನ್ ದಾನ್ ಸಾರ್ ಎಂಗಳೆ ಇವ್ವಳವು ನಾಳಾ ಸುತ್ತವಿಟ್ಟಾನ್! ಅಡಿಲೆ ಮ್ಯಾಗ್ನೆಟ್!" ನಿಮ್ಮ ಮುರುಗನೇ ಇಷ್ಟು ದಿನ ನಮ್ಮನ್ನು ಸುತ್ತಾಡಿಸಿದ್ದು, ಅವನ ಅಡಿಯಲ್ಲಿದ್ದ ಅಯಸ್ಕಾಂತ.

ಅನಘಾ ಎದ್ದು ನಿಂತಳು. ರಾಯರ ನಗು ಸ್ವಲ್ಪ ಹೊತ್ತು ಮುಖದಲ್ಲೇ ಉಳಿದಿತ್ತು, ಅದನ್ನು ತೆಗೆಯಬೇಕೆಂಬುದೂ ಅವರಿಗೆ ತೋಚದ ಹಾಗೆ. ಇಷ್ಟು ವರ್ಷ ತಮಿಳುನಾಡಿನಲ್ಲಿ ಬದುಕಿದವರಿಗೆ ಆ ಮಾತು ಅರ್ಥವಾಗದೆ ಇರುವುದುಂಟೇ? ಕೈಯ ಡಬ್ಬವನ್ನು ನಿಧಾನವಾಗಿ ಮೇಜಿನ ಮೇಲಿಟ್ಟು ಕುರ್ಚಿ ಹಿಡಿದುಕೊಂಡು ಕೂತರು. ಮಗಳ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದರು.

"ಅಂದ್ರೆ ಮೇಡಂ, ಅವಳ ಲೆಕ್ಕ ಸರಿ ಇತ್ತಾ?"

"ಸರಿ ಇತ್ತು ರಾಯರೇ. ಮೊದಲಿಂದಲೂ ಸರಿಯೇ ಇತ್ತು."

"ಒಂದೂ ತಪ್ಪು ಇಲ್ವಾ?"

"ಒಂದೂ ಇಲ್ಲ."

ಅವರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. ಅವರು ಅಳುತ್ತಾರೆ, ಇಲ್ಲವೇ ಎದೆ ಹಿಡಿದುಕೊಳ್ಳುತ್ತಾರೆ ಎಂದು ನಾನು ನೀರಿನ ಲೋಟಕ್ಕೆ ಕೈ ಹಾಕಿದೆ. ಅವರು ಲೋಟ ಪಕ್ಕಕ್ಕೆ ಸರಿಸಿ, ಕಂಪ್ಯೂಟರಿನಲ್ಲಿ ತೆರೆದಿದ್ದ ವರದಿಯನ್ನು ನೋಡಿ, ಸರ್ ಏನು ಬರೆಯುತ್ತಿದ್ದಾರೆಂದು ಕೇಳಿದರು. ಸರ್ ತಾವು ಮಾಡಿದ ಅನಾಹುತ ಆಗಷ್ಟೇ ತಿಳಿದು ತಡವರಿಸುತ್ತಿದ್ದರು. ಯಾರ ಹೆಸರೂ ಬರೆಯುವುದಿಲ್ಲ ಸಾರ್, ಹೊರಗಿನ ಕಾಂತವಸ್ತುವೊಂದು ಹತ್ತಿರವಿತ್ತು ಎಂದಷ್ಟೇ ಬರೆಯುತ್ತೇನೆ ಎಂದರು.

"ಬೇಡ" ಎಂದರು ರಾಯರು. "ಎನ್ ಪೇರ್ ಎಳುದುಂಗ ಸಾರ್." ನನ್ನ ಹೆಸರು ಬರೆಯಿರಿ. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. "ನೀವು ಹೇಳಿ ಮೇಡಂ ಅವರಿಗೆ. ಏನೋ ಒಂದು ವಸ್ತು ಇತ್ತು ಅಂತ ಬರೆದ್ರೆ ಓದಿದವರು ಎಂತ ಹೇಳ್ತಾರೆ? ಆ ಹುಡುಗಿಯೇ ಇಟ್ಟು ಮರೆತದ್ದು ಅಂತ ಹೇಳುದಿಲ್ವಾ? ನೀವು ಪಕ್ಕದಲ್ಲೇ ಇದ್ರಿ. ಅವಳು ನನ್ನ ಹತ್ರ ಹಿತ್ತಾಳೆಯಾ ಅಂತ ಕೇಳಿದ್ದು ಹೌದಲ್ವಾ? ನಾನು ಹಿತ್ತಾಳೆ ಅಂತ ಹೇಳಿದ್ದು ಹೌದಲ್ವಾ? ಹುಡುಗಿ ಕೇಳಿದ್ಲು, ಈ ಹೋಟೆಲಿನವ ಹಿತ್ತಾಳೆ ಅಂದ. ಅಷ್ಟನ್ನೂ ಹಾಗೇ ಬರೀಲಿ."

"ಬೇಡಪ್ಪಾ" ಎಂದು ಅನಘಾ ಅವರ ಭುಜ ಹಿಡಿದಳು.

"ನೀನು ಸುಮ್ಮನಿರು ಮಗಾ."

ನಾನು ಹೇಳಿದೆ. ಹೇಳುವಾಗ ನನ್ನ ಹರುಕು ತಮಿಳು ಇನ್ನಷ್ಟು ಹರಿಯಿತು. ಇಳಂಗೋ ಸರ್ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು, ತಲೆ ಎತ್ತದೆಯೇ, ಇನಿಷಿಯಲ್ ಏನು ಸಾರ್ ಎಂದು ಕೇಳಿದರು.

"ಕೆ." ರಾಯರು ನೆಟ್ಟಗೆ ಕೂತರು. "ಕೆ. ಪದ್ಮನಾಭ ರಾವ್, ಹೋಟೆಲು, ವಡಪಳನಿ. ಅವಳ ಅಪ್ಪ ಅಂತ ಮಾತ್ರ ಹಾಕುದು ಬೇಡ, ಮಗಳನ್ನು ಉಳಿಸ್ಲಿಕ್ಕೆ ಹೇಳಿದ್ದು ಅಂತಾರೆ."